ನಂಬರ್ ಓದಿದ ಡ್ರಮ್ಮು

ನಮ್ಮೂರ ಒಣಕಸದ ಘಟಕದಲ್ಲಿ ಪ್ಲಾಸ್ಟಿಕ್ ಆರಿಸೋಳು ನಾನು. ಅಕ್ಷರ ಬರಲ್ಲ, ಕಣ್ಣೂ ಮಂಜು. ಒಂದು ದಿನ ಹೊಸ ಸಾಹೇಬರು ಬಂದರು. ಅಷ್ಟರಲ್ಲಿ ಮೆಷಿನ್ನು ಬಾಟಲಿ, ಮುಚ್ಚಳ ಎಲ್ಲಾನೂ ಒಟ್ಟಿಗೇ ಚೂರು ಮಾಡಿ ಹಾಕಿತ್ತು.

"ಬೆರಕೆ ಮಾಲು ಕಾರ್ಖಾನೆಯವರು ತಗೊಳ್ಳಲ್ಲ. ಯಾವ ಜಾತಿ ಪ್ಲಾಸ್ಟಿಕ್ ಅಂತ ನಂಬರ್ ಅಚ್ಚು ಹಾಕಿರ್ತಾರಲ್ಲ, ಪ್ರತಿ ಚೂರಿನ ಆ ನಂಬರ್ ಓದಿ ಬೇರೆ ಮಾಡಿ. ಸಂಜೆಯೊಳಗೆ ಆಗದಿದ್ರೆ ನಿಮ್ಮ ಬದಲು ಓದಿದೋರನ್ನ ಇಟ್ಕೋತೀನಿ," ಅಂದರು.

ಒಂದು ಚೂರು ಅವರ ಕೈಗಿಟ್ಟೆ. "ಇದೊಂದು ಓದಿ ತೋರಿಸಿ ಸ್ವಾಮಿ, ಮಿಕ್ಕಿದ್ದು ನಾನು ಓದ್ತೀನಿ."

ತಿರುವಿ ಮುರುವಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಚೂರಾದ ಮೇಲೆ ನಂಬರ್ ಎಲ್ಲಿ ಉಳಿದಿರುತ್ತೆ?

ನಾನು ರಾಶೀನ ನೀರಿನ ಡ್ರಮ್ಮಿಗೆ ಸುರಿದು ಕೈಯಾಡಿಸಿದೆ. ಮುಚ್ಚಳದ ಚೂರೆಲ್ಲಾ ತೇಲಿದವು, ಬಾಟಲಿ ಚೂರೆಲ್ಲಾ ತಳ ಸೇರಿದವು.

ಸಾಹೇಬರು ಡ್ರಮ್ಮಿನೊಳಗೆ ಬಗ್ಗಿ ನೋಡಿದರು. "ಈ ಟ್ರೈನಿಂಗ್ ಎಲ್ಲಿ ತಗೊಂಡ್ರಿ ಅಜ್ಜಿ?"

"ನಮ್ಮತ್ತೆ ಹತ್ರ, ಅಕ್ಕಿ ತೊಳೆಯೋವಾಗ. ಅವರು ತೊಳೆದ್ರೆ ಒಂದು ಕಲ್ಲೂ ಉಳೀತಿರಲಿಲ್ಲ. ನಾನು ತೊಳೆದ ಅಕ್ಕೀಲಿ ನಮ್ಮ ಯಜಮಾನರು ಎರಡು ಹಲ್ಲು ಮುರ್ಕೊಂಡರು."

"ಹಾಗಿದ್ರೆ ನಾಳೆಯಿಂದ ನಿಮ್ಮತ್ತೆನೇ ಕಳಿಸಿ."

ಅತ್ತೆ ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಬೇರೆ ದಾರಿ ಇಲ್ಲದೆ ಸಾಹೇಬರು ನನ್ನನ್ನೇ ಇಟ್ಕೊಂಡಿದ್ದಾರೆ.