ಡಬ್ಬಿಗಾಗಿ ನಿಂತ ಟ್ರ್ಯಾಮು

ಮುಂಬಯಿಯಲ್ಲಿ ಟ್ರ್ಯಾಮು ಓಡುತ್ತಿದ್ದ ಕಾಲ. ಉಪನಗರದ ಒಂದು ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದವರು ಸೇತುವೆ ದಾಟಿ ಟ್ರ್ಯಾಮು ಹಿಡಿಯುತ್ತಿದ್ದರು. ಮುದುಕಿ ಭಾಗವ್ವ ಆಸ್ಪತ್ರೆಯಲ್ಲಿದ್ದ ಗಂಡನಿಗೆ ದಿನಾ ಸಂಜೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಕಾಲುನೋವು, ಮೆಟ್ಟಿಲು ಹತ್ತುವುದು ನಿಧಾನ. ಆ ಟ್ರ್ಯಾಮು ತಪ್ಪಿದರೆ ಆಸ್ಪತ್ರೆಯ ಬಾಗಿಲು ಮುಚ್ಚಿರುತ್ತಿತ್ತು.

ಡ್ರೈವರ ಅವಳಿಗಾಗಿ ತುಸು ಕಾಯುತ್ತಿದ್ದ. ಆಗ ಟ್ರ್ಯಾಮಿನ ಹೊತ್ತು ನೋಡಿಕೊಳ್ಳಲು ಹೊಸ ಸಾಹೇಬರು ಬಂದರು. "ಯಾರಿಗೋಸ್ಕರವೂ ಟ್ರ್ಯಾಮು ಕಾಯಕೂಡದು. ಒಳಗೆ ವಾರಸುದಾರರಿಲ್ಲದ ಸಾಮಾನು ಬಿದ್ದಿದ್ದರೆ ಮಾತ್ರ, ಅವರು ಬರುವವರೆಗೆ ನಿಲ್ಲಿಸಿ," ಎಂದು ಗುಡುಗಿದರು.

ಸ್ಟೇಷನ್ನಿನ ಹಮಾಲ ಯಂಕಪ್ಪ ಕೈಕಟ್ಟಿ ಕೇಳಿಸಿಕೊಂಡ. ಮರುದಿನ ಸಂಜೆ ರೈಲಿನ ಬಾಗಿಲಲ್ಲೇ ಭಾಗವ್ವನ ಡಬ್ಬಿ ಇಸಿದುಕೊಂಡು ಓಡಿದ. ಟ್ರ್ಯಾಮಿನ ಸೀಟಿನ ಮೇಲಿಟ್ಟು ಕೆಳಗಿಳಿದ.

"ಸಾಹೇಬ್ರ, ಒಳಗ ಡಬ್ಬಿ ಬಿದ್ದೈತ್ರಿ!"

"ಯಾರದ್ದು?"

"ಅದನ್ನ ವಾರಸುದಾರರ ಬಂದು ಹೇಳ್ಬೇಕ್ರಿ."

ಸೇತುವೆಯ ಮೇಲೆ ಮುದುಕಿ ಕಂಡಳು. ಸಾಹೇಬರ ಮುಖ ಕೆಂಪಾಯಿತು. ಆದರೆ ನಿಯಮ ಅವರದೇ. ಅಂದಿನಿಂದ ದಿನಾ ಡಬ್ಬಿ ಮೊದಲು ಬಂತು, ದಿನಾ ಟ್ರ್ಯಾಮು ನಿಂತಿತು. ಸಾಹೇಬರು ಹಲ್ಲು ಕಡಿದರು.

ಒಂದು ಸಂಜೆ ಭಾಗವ್ವ ಬರಿಗೈಯಲ್ಲಿ ಇಳಿದಳು.

"ಡಬ್ಬಿ ಎಲ್ಲೆವ್ವಾ?"

"ಇನ್ನ ಬ್ಯಾಡಪ್ಪ. ಹೆಣ ಒಯ್ಯಾಕ ಬಾ ಅಂತ ಹೇಳಿ ಕಳಿಸ್ಯಾರ."

ಯಂಕಪ್ಪ ಓಡಲಿಲ್ಲ. ಒಯ್ಯಲು ಏನೂ ಇರಲಿಲ್ಲ. ಅವಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದ. ಇಬ್ಬರೂ ಸೇತುವೆ ದಾಟುವುದು ಕೆಳಗಿದ್ದವರಿಗೆಲ್ಲ ಕಾಣುತ್ತಿತ್ತು.

ಟ್ರ್ಯಾಮು ಹೋಗಿರಬೇಕು ಎಂದುಕೊಂಡೇ ಇಳಿದರು. ಅದು ನಿಂತಿತ್ತು. ಸೀಟಿನ ಮೇಲೆ ಒಂದು ಟೋಪಿ ಇತ್ತು. ಸಾಹೇಬರು ಬರಿದಲೆಯಲ್ಲಿ ನಿಂತು ಡ್ರೈವರನಿಗೆ ಹೇಳುತ್ತಿದ್ದರು: "ಯಾರದ್ದೋ ಸಾಮಾನು. ವಾರಸುದಾರರು ಬರಲಿ."