ಹೋಗಿ ಬರುವ ದೋಣಿ

ಒಂದೂರಿನಲ್ಲಿ ಒಂದು ಹೊಳೆಯಂತೆ. ಹೊಳೆಗೆ ಎರಡು ದಡವಂತೆ. ಎಲ್ಲ ಹೊಳೆಗೂ ಎರಡೇ ದಡ, ಇದರಲ್ಲೇನು ಹೆಚ್ಚು ಅಂತ ಮೂಗು ಮುರಿಯಬೇಡಿ. ಈ ಕಥೆಗೆ ಎರಡೂ ಬೇಕು. ಈಚೆ ದಡದಲ್ಲಿ ಜಟ್ಟಪ್ಪ ಅಂತ ಒಬ್ಬ ಗಂಡ, ಬೀರಮ್ಮ ಅಂತ ಅವನ ಹೆಂಡತಿ, ಗೌರಿ ಅಂತ ಒಂದು ಎಮ್ಮೆ ಇದ್ದರಂತೆ. ಮೂವರಲ್ಲಿ ದುಡಿಯುವವರು ಇಬ್ಬರು. ಯಾರ್‍ಯಾರು ಅಂತ ಕೇಳಬೇಡಿ, ಜಟ್ಟಪ್ಪನಿಗೆ ಬೇಜಾರಾಗುತ್ತದೆ.

ಒಂದು ದಿನ ಬೀರಮ್ಮ, "ಗೌರಿಯ ಹಗ್ಗ ಹರಿದುಹೋಗಿದೆ, ಸಂತೆಯಿಂದ ಹೊಸದೊಂದು ತನ್ನಿ" ಅಂದಳಂತೆ. ಜಟ್ಟಪ್ಪ "ಹೋಗಿ ಬರ್ತೇನೆ" ಅಂದ. ಕುತ್ತಿಗೆ ಅಳತೆಗೆ ಬೇಕಲ್ಲ ಅಂತ ಎಮ್ಮೆಯನ್ನೂ ಹೊಡೆದುಕೊಂಡು ಹೋದ.

ಸಂಜೆ ಬಂದ. ಹಗ್ಗ ತಂದಿದ್ದ. ಆದರೆ ಹಗ್ಗದ ತುದಿಯಲ್ಲಿ ಎಮ್ಮೆ ಇರಲಿಲ್ಲ, ದೋಣಿ ಇತ್ತು.

ದೋಣಿ ಅಂದರೆ ಎಂಥ ದೋಣಿ! ಹಲಗೆಗೊಂದು ಬಣ್ಣ, ಸಂದಿಗೊಂದು ಗಿಡ. ಮೂತಿ ಎಡಕ್ಕೆ ತಿರುಗಿತ್ತು, ಬಾಲ ಬಲಕ್ಕೆ. ಹಾಯಿಯಲ್ಲಿ ಬಟ್ಟೆಗಿಂತ ಆಕಾಶವೇ ಜಾಸ್ತಿ ಕಾಣುತ್ತಿತ್ತಂತೆ.

"ಗೌರಿ ಎಲ್ಲಿ?" ಅಂದಳು ಬೀರಮ್ಮ.

"ಆಚೆ ದಡದ ದೇವಜ್ಜ ಸಂತೆಗೆ ಬಂದಿದ್ದ ಮಾರಾಯ್ತಿ. ಎಮ್ಮೆ ಕೊಟ್ಟೆ, ದೋಣಿ ತಗೊಂಡೆ."

"ಇದು ಹಾಲು ಕೊಡ್ತದಾ?"

ಜಟ್ಟಪ್ಪ ಬಗ್ಗಿ ದೋಣಿಯೊಳಗೆ ನೋಡಿದ. ಆಗಲೇ ಮೊಣಕಾಲುದ್ದ ನೀರು ತುಂಬಿತ್ತು.

"ಗೌರಿ ಎರಡು ಹೊತ್ತು ಹಾಲು ಕೊಡ್ತಿದ್ದಳು" ಅಂದಳು ಬೀರಮ್ಮ. "ಇದು ಮೂರು ಹೊತ್ತೂ ನೀರು ಕೊಡ್ತದೆ. ಲಾಭವೇ ಆಯ್ತು ಬಿಡಿ!"

ಆಮೇಲೆ ಏಳು ದಿನ ಅವಳು ಗಂಡನ ಜೊತೆ ಮಾತಾಡಲಿಲ್ಲವಂತೆ. ಜಟ್ಟಪ್ಪ ಆ ಏಳು ದಿನ ತೂತು ಮುಚ್ಚಿದ. ಒಂದು ತೂತಿಗೆ ತೆಂಗಿನ ನಾರು ತುರುಕಿದರೆ ಪಕ್ಕದಲ್ಲಿ ಎರಡು ತೂತು ಬಾಯಿ ಬಿಟ್ಟವು. ಅವೆರಡಕ್ಕೆ ಹತ್ತಿ ತುರುಕಿ ಗೇರೆಣ್ಣೆ ಬಳಿದರೆ ಮೊದಲಿನದು ಮತ್ತೆ ಸೋರಿತು. ಹಾಯಿಗೆ ತನ್ನ ಪಂಚೆ ಹೊಲಿದ. ಪಂಚೆ ಸಾಲಲಿಲ್ಲ, ಕಂಬಳಿ ಹೊಲಿದ. ಕಂಬಳಿಯೂ ಸಾಲಲಿಲ್ಲ. ಬೀರಮ್ಮನ ಸೀರೆಯ ಕಡೆ ನೋಡಿದ. ಬೀರಮ್ಮ ಕತ್ತಿಯ ಕಡೆ ನೋಡಿದಳು. ಅಷ್ಟಕ್ಕೇ ಹಾಯಿ ಸಾಕು ಅಂತ ನಿಲ್ಲಿಸಿದ.

ಎಂಟನೆಯ ದಿನ ಒಬ್ಬನೇ ದೋಣಿ ಬಿಟ್ಟ. ಹೆಂಡತಿ ಮಾತು ಬಿಟ್ಟಿದ್ದಳಲ್ಲ, ಇವನೂ ಏನೂ ಹೇಳದೆ ಹೊರಟ. ಗಾಳಿ ಬಂತು. ಪಂಚೆ ಉಬ್ಬಿತು, ಕಂಬಳಿ ಉಬ್ಬಿತು, ಅವುಗಳ ಕೆಳಗೆ ಜಟ್ಟಪ್ಪನ ಎದೆಯೂ ಉಬ್ಬಿತು. ದೋಣಿ ಹಾವಿನ ಹಾಗೆ ಹರಿದು ಹೋಯಿತಂತೆ. ಎಲ್ಲಿ ಮರಳ ದಿಬ್ಬವಿದೆ, ಎಲ್ಲಿ ಬಂಡೆಯಿದೆ, ಎಲ್ಲ ಅದಕ್ಕೇ ಗೊತ್ತು. ಚುಕ್ಕಾಣಿ ಹಿಡಿದದ್ದೇ ತಪ್ಪು ಎನ್ನುವ ಹಾಗೆ ತಾನೇ ತಿರುಗಿಕೊಂಡು, ತಾನೇ ದಾರಿ ಹುಡುಕಿಕೊಂಡು ಆಚೆ ದಡ ಸೇರಿಸಿತು, ವಾಪಸ್ಸೂ ತಂದುಬಿಟ್ಟಿತು. ದಡದಲ್ಲಿ ನಿಂತಿದ್ದ ಬೀರಮ್ಮ ಮುಖ ತಿರುಗಿಸಿ ನಕ್ಕಳಂತೆ. ಗಂಡನಿಗೆ ಕಾಣದ ಹಾಗೆ.

ಮರುದಿನದಿಂದ ಜಟ್ಟಪ್ಪ ಜನರನ್ನು ದಾಟಿಸಲು ಶುರುಮಾಡಿದ. ದಾಟಿದವರು ಅಕ್ಕಿಯೋ ಬೆಲ್ಲವೋ ಕೊಡಬೇಕು. ಎಮ್ಮೆಯಿಲ್ಲದ ಮನೆಗೆ ಅದೇ ಗಂಜಿ.

ಮೊದಲು ಬಂದವನು ಬಳೆಗಾರ ಶಾಂತಯ್ಯ. ದೋಣಿ ಹತ್ತಿದ. ದಡದಲ್ಲಿದ್ದ ಹೆಂಡತಿಗೆ, "ಹೋಗಿ ಬರ್ತೇನೆ ಕಣೇ" ಅಂದ.

ದೋಣಿ ಹಲಗೆಯ ಸಂದಿಯಿಂದ "ಹೂಂ" ಅಂತ ಕಿರುಗುಟ್ಟಿತಂತೆ.

ಹೋಯಿತು. ಆಚೆ ದಡಕ್ಕೆ ಮೂತಿ ತಾಗಿಸಿತು. ಶಾಂತಯ್ಯ ಬಳೆಯ ಮಲಾರ ಹೆಗಲಿಗೆ ಹಾಕಿ ಒಂದು ಕಾಲು ಎತ್ತುವಷ್ಟರಲ್ಲಿ ಗಿರ್ರನೆ ತಿರುಗಿ ಈಚೆ ದಡಕ್ಕೇ ಬಂದುಬಿಟ್ಟಿತು.

"ಇಷ್ಟು ಬೇಗ ವ್ಯಾಪಾರ ಆಯ್ತಾ?" ಅಂದಳು ಅವನ ಹೆಂಡತಿ.

"ಗಾಳಿ ತಿರುಗಿತು" ಅಂದ ಜಟ್ಟಪ್ಪ. ಶಾಂತಯ್ಯ ಮತ್ತೆ "ಹೋಗಿ ಬರ್ತೇನೆ" ಅಂದ. ದೋಣಿ "ಹೂಂ" ಅಂದಿತು. ಹೋಯಿತು, ಬಂತು. ಮೂರನೆಯ ಸಲ ಶಾಂತಯ್ಯ ಧೈರ್ಯ ಮಾಡಿ ಆಚೆ ದಡಕ್ಕೆ ಹಾರಿ ನೀರಿಗೆ ಬಿದ್ದ. ಆ ವಾರ ಊರಿನ ಹೆಂಗಸರ ಕೈ ಬೋಳು, ಏಡಿಗಳ ಕೈತುಂಬ ಬಳೆ.

ಆಮೇಲೆ ಹೊನ್ನಜ್ಜಿ ಕೋಳಿ ಹಿಡಿದುಕೊಂಡು ಬಂದಳು. ಸೊಸೆಗೆ "ಹೋಗಿ ಬರ್ತೇನೆ" ಅಂದಳು. ದೋಣಿ ಹೋಯಿತು, ಬಂತು. ಹೋಯಿತು, ಬಂತು. ಏಳು ಸಲ ಆಗುವಷ್ಟರಲ್ಲಿ ಕೋಳಿ ಅಜ್ಜಿಯ ಮಡಿಲಲ್ಲೇ ಮೊಟ್ಟೆ ಇಟ್ಟಿತಂತೆ.

ಊರವರು ನಕ್ಕೂ ನಕ್ಕೂ ದೋಣಿಗೆ 'ಹೋಗಿಬರೋ ದೋಣಿ' ಅಂತಲೇ ಹೆಸರಿಟ್ಟರು. ಒಬ್ಬ ದೆವ್ವ ಅಂದ, ಒಬ್ಬ ಉಬ್ಬರ ಇಳಿತ ಅಂದ, ಉಳಿದವರೆಲ್ಲ ಜಟ್ಟಪ್ಪ ಅಂದರು. ಗಂಜಿ ತೆಳ್ಳಗಾಗುತ್ತ ಬಂತು.

ಒಂದು ದಿನ ಯಾರದೋ ನೂರು ತೆಂಗಿನಕಾಯಿ ದಾಟಿಸಬೇಕಿತ್ತು. ದೋಣಿ ನೆಟ್ಟಗೆ ಹೋಯಿತು, ಕಾಯಿ ಇಳಿಸುವವರೆಗೂ ಸುಮ್ಮನೆ ನಿಂತಿತು. ದಡದಲ್ಲಿ ಕೂತು ನೋಡುತ್ತಿದ್ದ ಬೀರಮ್ಮನಿಗೆ ಮಿಂಚು ಹೊಡೆದ ಹಾಗಾಯಿತು.

"ಓ ಇವರೇ" ಅಂದಳು. "ಆ ದೇವಜ್ಜ ದೋಣಿ ಕೊಡುವಾಗ ಏನಾದ್ರೂ ಹೇಳಿದ್ನಾ?"

"ಹೇಳಿದ. ಇದಕ್ಕೆ ವಯಸ್ಸಾಗಿದೆ, ಆದ್ರೆ ಮಾತು ಮೀರೋದಿಲ್ಲ, ಆಡಿದ್ದನ್ನ ಆಡಿದ ಹಾಗೇ ನಡೆಸ್ತದೆ ಅಂದ. ಮನೇಲಿ ಮಾತು ಕೇಳೋದು ಒಂದಾದ್ರೂ ಇರ್ಲಿ ಅಂತ ನಾನೂ ತಗೊಂಡೆ."

"ಆಮೇಲೆ ಅವನು ಹೇಗೆ ಹೊಳೆ ದಾಟಿದ?"

"ಗೌರಿಯ ಬೆನ್ನ ಮೇಲೆ ಕೂತು ಈಜಿಸ್ಕೊಂಡು ಹೋದ. ಹಿಂದೆ ತಿರುಗಿಯೂ ನೋಡ್ಲಿಲ್ಲ."

"ಅವನಿಗಿರೋ ಬುದ್ಧಿ ನಿಮಗಿಲ್ಲ ನೋಡಿ! ಜನ ಹೋಗಿ ಬರ್ತೇನೆ ಅಂತಾರೆ, ಇದು ಹೋಗಿ ಬರ್ತದೆ. ತೆಂಗಿನಕಾಯಿ ಯಾರಿಗಾದ್ರೂ ಹೋಗಿ ಬರ್ತೇನೆ ಅಂತಾ?"

ಅಂದಿನಿಂದ ಬಾಯಿ ಮುಚ್ಚಿಕೊಂಡು ದೋಣಿ ಹತ್ತಬೇಕು ಅಂತ ಬೀರಮ್ಮ ಕಟ್ಟಪ್ಪಣೆ ಮಾಡಿದಳು. ನಾಲ್ಕು ದಿನ ಜನ ಕಳ್ಳರ ಹಾಗೆ ಹತ್ತಿ ಕಳ್ಳರ ಹಾಗೆ ಇಳಿದರಂತೆ. ಹೊನ್ನಜ್ಜಿ ಮಾತ್ರ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ದಾಟಿ, ಆಚೆ ದಡದಲ್ಲಿ ಅರ್ಧ ದಿನ ಒಬ್ಬಳೇ ಮಾತಾಡಿಕೊಂಡಳು.

ಐದನೆಯ ದಿನ ಅರಸರು ಬಂದರು.

ಅರಸರ ಮಗಳನ್ನು ಆಚೆ ದಡದ ಊರಿಗೆ ಕೊಟ್ಟಿತ್ತು. ಅವಳಿಗೆ ಗಂಡುಮಗು. ಅವತ್ತು ನೆತ್ತಿಯ ಮೇಲೆ ಹೊತ್ತು ಬರುವ ಮುಂಚೆ ಅಜ್ಜನೇ ತೊಟ್ಟಿಲ ಹತ್ತಿರ ಕೂತು ಹೆಸರಿಡಬೇಕು. ಅರಸರಿಗೂ ದೋಣಿ ಇತ್ತು. ಹೊಚ್ಚ ಹೊಸದು, ಹದಿನಾರು ಹುಟ್ಟಿನದು, ಮೂತಿಗೆ ಬೆಳ್ಳಿ ತಗಡು. ಆದರೆ ಹೊಸದಕ್ಕೆ ಹೊಳೆಯ ಪರಿಚಯವಿಲ್ಲವಲ್ಲ, ಹೊರಟ ಗಳಿಗೆಗೇ ಮರಳ ದಿಬ್ಬಕ್ಕೆ ಹತ್ತಿ ಕೂತುಬಿಟ್ಟಿತು. ಅರಸರು ಪಂಚೆ ಎತ್ತಿ ಕಟ್ಟಿ ನೀರಲ್ಲಿ ನಡೆದು ಜಟ್ಟಪ್ಪನ ಹತ್ತಿರ ಬಂದರಂತೆ.

"ಜಟ್ಟಪ್ಪಾ, ಹೊತ್ತಿಗೆ ಸರಿಯಾಗಿ ದಾಟಿಸಿದರೆ ಜನ ಹೊಳೆ ದಾಟೋ ಈ ಕಡವು ಮೂರು ತಲೆಮಾರು ನಿಮ್ಮದೇ. ಕೇಳಿದ್ದು ಕೊಡ್ತೇನೆ" ಅಂದರು ಅರಸರು.

"ದಾಟಿಸದಿದ್ದರೆ" ಅಂದ ಪಕ್ಕದಲ್ಲಿದ್ದ ಮಂತ್ರಿ, "ಈ ದೋಣಿ ಒಡೆದು ಅರಮನೆಯ ಬಚ್ಚಲ ಒಲೆಗೆ ಹಾಕಿಸ್ತೇನೆ. ಒಲೆ ಊದೋದು ನೀನು."

ಬೀರಮ್ಮ ಮುಂದೆ ಬಂದಳು. "ಒಡೆಯಾ, ಒಂದೇ ಮಾತು. ಯಾರಿಗೂ ಏನೂ ಹೇಳದೆ ಹತ್ತಬೇಕು."

ಅರಸರು ದಡದ ಕಡೆ ನೋಡಿದರು. ದಡದಲ್ಲಿ ಅವರ ತಾಯಿ, ಮುದಿ ರಾಣಿ, ಕೊಡೆಯ ಕೆಳಗೆ ಕೂತಿದ್ದರು. ನೀರು ಕಂಡರೆ ತಲೆ ತಿರುಗುತ್ತದೆ ಅಂತ ಅವರು ದೋಣಿ ಹತ್ತುವವರಲ್ಲ.

"ತಾಯಿಗೆ ಹೇಳದೆ ಹೊರಡೋದಾ? ಎಂಥ ಮಾತು!" ಅಂದ ಮಂತ್ರಿ. ಅರಸರು ದೋಣಿ ಹತ್ತಿ ಕೈಮುಗಿದು, "ಅಮ್ಮಾ, ಹೋಗಿ ಬರ್ತೇನೆ" ಅಂದರು.

ದೋಣಿ "ಹೂಂ" ಅಂದಿತು.

ಬೀರಮ್ಮ ಹಣೆ ಚಚ್ಚಿಕೊಂಡು ತಾನೂ ದೋಣಿ ಹತ್ತಿ ಕರಟದಲ್ಲಿ ನೀರು ಮೊಗೆಯುತ್ತ ಕೂತಳು. ದೋಣಿ ದಿಬ್ಬ ಬಳಸಿತು, ಬಂಡೆ ಬಳಸಿತು, ಬೆಳ್ಳಿ ಮೂತಿಯ ದೋಣಿಯ ಪಕ್ಕದಲ್ಲೇ ಕಿಸಕ್ಕನೆ ನಕ್ಕ ಹಾಗೆ ಹಾದುಹೋಯಿತು. ಆಚೆ ದಡಕ್ಕೆ ಮೂತಿ ತಾಗಿಸಿತು. ಬೀಗರ ಕಡೆಯವರು ಊದಿಸಿದ ವಾಲಗ ಮುಗಿಯುವ ಮುಂಚೆ ತಿರುಗಿ ಹೊರಟೇಬಿಟ್ಟಿತು.

"ಬಂದೆಯಾ ಮಗಾ? ಮಗು ಯಾರ ಹಾಗಿದೆ?" ಅಂದರು ಮುದಿ ರಾಣಿ.

"ಇನ್ನೂ ನೋಡಿಲ್ಲಮ್ಮ. ಮತ್ತೆ ಹೋಗ್ಬೇಕು."

"ಹಾಗಾದರೆ ಹೇಳಿ ಹೋಗು."

"ಹೋಗಿ ಬರ್ತೇನೆ ಅಮ್ಮಾ."

"ಹೂಂ" ಅಂದಿತು ದೋಣಿ. ಹೋಯಿತು, ಬಂತು. ವಾಪಸ್ಸು ಬಂದವರು ಮತ್ತೆ ಹೊರಡುವಾಗ ಮತ್ತೆ ಹೇಳಬೇಕಲ್ಲ! ಹೇಳಿದರು. ಹೋಯಿತು, ಬಂತು. ಆಚೆ ದಡದ ವಾಲಗದವನಿಗೆ ಊದಿ ಊದಿ ಕೆನ್ನೆ ಬಾತುಹೋಯಿತಂತೆ. ಹೊತ್ತು ನೆತ್ತಿಗೆ ಒಂದು ಮಾರು ಉಳಿದಿತ್ತು.

"ಒಡೆಯಾ" ಅಂದಳು ಬೀರಮ್ಮ, "ಇದು ಆಡಿದ್ದನ್ನ ಆಡಿದ ಹಾಗೇ ನಡೆಸೋ ದೋಣಿ. ಬಾಯಿ ಮುಚ್ಚಿ, ಇಲ್ಲ 'ಹೋಗ್ತೇನೆ' ಅನ್ನಿ."

ದಡದಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಹೋಗ್ತೇನೆ! ಹೊರಡುವವರು ಆಡುವ ಮಾತಾ ಅದು? ಹೋಗ್ತೇನೆ ಅಂದವನು ಬರುತ್ತಾನೆ ಅಂತ ಏನು ಗ್ಯಾರಂಟಿ? ಮುದಿ ರಾಣಿ ಅಳಲು ಶುರುಮಾಡಿದರು. ಮಂತ್ರಿ ಕೊಡಲಿಯವರನ್ನು ಕರೆದ. ಇಬ್ಬರು ಬಂದು ದೋಣಿಯ ಹಲಗೆ ತಟ್ಟಿ, ಎಲ್ಲಿಂದ ಒಡೆಯೋಣ ಅಂತ ನೋಡತೊಡಗಿದರು.

ಜಟ್ಟಪ್ಪನ ಕಣ್ಣಲ್ಲಿ ನೀರು ಬಂತು. "ನಿಲ್ಲಿ" ಅಂದ. "ಅರಸರು ಹೇಳೋದು ಬೇಡ, ಅವರ ಬದಲು ನಾನೇ ಹೇಳ್ತೇನೆ. ಹೋಗ್..."

ಬೀರಮ್ಮ ಹಾರಿ ಅವನ ಬಾಯಿಗೆ ಕರಟ ಮುಚ್ಚಿದಳು.

"ತಲೆ ನೆಟ್ಟಗಿದೆಯಾ ನಿಮಗೆ? ನೀವು ಆ ಮಾತು ಆಡಿದ್ರೆ ಇದು ನಿಮ್ಮನ್ನ ಕೊಂಡುಹೋಗಿ ಅಲ್ಲೇ ಬಿಡ್ತದೆ. ಎಮ್ಮೆಯಂತೂ ಹೋಯ್ತು, ಗಂಡನೂ ಹೋದ್ರೆ ನಾನು ಬೈಯೋದು ಯಾರನ್ನ?" ಕಣ್ಣೊರೆಸಿಕೊಂಡಳು. ಬಾಯಿ ಮಾತ್ರ ನಿಲ್ಲಲಿಲ್ಲ. "ನಿಮ್ಮ ಬಾಯಿಗೆ ಈಗ ಬುದ್ಧಿ ಬಂತಾ? ಅವತ್ತು ಸಂತೆಗೆ ಹೊರಟಾಗ ಹೋಗಿ ಬರ್ತೇನೆ ಅಂತ ಎಷ್ಟು ಚೆಂದ ಹೇಳಿದ್ರಿ! ಏನು ಮಾಡಿದ್ರಿ? ಹೋಗಿ, ಕಟ್ಟೆ ಮೇಲೆ ಕೂತು, ಎಲೆ ಹಾಕಿ, ಊರೆಲ್ಲ ಹರಟಿ, ನನ್ನ ಗೌರಿಯ ಕೊಟ್ಟು, ಈ ತೂತುಗಳ ಮೂಟೆ ಕಟ್ಕೊಂಡು ಬಂದ್ರಿ! ನಿಮ್ಮ 'ಹೋಗಿ'ಗೂ 'ಬರ್ತೇನೆ'ಗೂ ನಡುವೆ ಒಂದು ಸಂತೆಯೇ ಹಿಡೀತದೆ..."

ಅಲ್ಲಿಗೆ ನಿಂತಳು. ತಾನಾಡಿದ್ದು ತನಗೇ ಕೇಳಿಸಿತು.

"ಒಡೆಯಾ!" ಅಂದಳು. "ಹೋಗಿ ಅನ್ನಿ, ಬರ್ತೇನೆ ಅಂತಲೂ ಅನ್ನಿ. ಆದ್ರೆ ನಡುವೆ ಮಾಡೋ ಕೆಲಸ ಒಂದೂ ಬಿಡದೆ ಹೇಳಿ."

ದೋಣಿಯಲ್ಲಿದ್ದ ಮಂತ್ರಿ ದಡದಲ್ಲಿದ್ದ ತನ್ನ ಹೆಂಡತಿಗೆ ಹೋಗಿ ಬರ್ತೇನೆ ಅನ್ನಲು ಬಾಯಿ ತೆರೆದ. ಬೀರಮ್ಮ ಮಡಿಲಿನಿಂದ ಒಂದು ಹಿಡಿ ಅವಲಕ್ಕಿ ತೆಗೆದು ಅದರೊಳಗೆ ತುರುಕಿದಳು. ಅರಸರು ಕೈಮುಗಿದು ನಿಂತರು.

"ಅಮ್ಮಾ, ಹೋಗಿ..."

"ಇಳಿದು ಅನ್ನಿ, ಇಳಿದು!"

"...ಇಳಿದು, ಬೀಗರ ಮನೆಗೆ ನಡೆದು, ಮೊಮ್ಮಗನಿಗೆ ಹೆಸರಿಟ್ಟು, ಹೋಳಿಗೆ ಊಟ ಮಾಡಿ, ಬರ್ತೇನೆ."

ದೋಣಿ ಮೂತಿಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ಆಡಿಸಿತು. ಇಷ್ಟುದ್ದದ ಮಾತು ಅದು ಆವರೆಗೆ ಕೇಳಿರಲಿಲ್ಲ. ಆಮೇಲೆ ತಳದಿಂದ ತುದಿಯವರೆಗೆ, "ಹೂಂ... ಹೂಂ... ಹೂಂ... ಹೂಂ..." ಅಂತ ಒಂದೊಂದಕ್ಕೂ ಒಪ್ಪಿಕೊಂಡಿತು.

ಹೋಯಿತು. ಮೂತಿ ತಾಗಿಸಿತು. ನಿಂತಿತು! ಅರಸರು ಒಂದು ಕಾಲು ಇಟ್ಟರು, ದೋಣಿ ಅಲ್ಲಾಡಲಿಲ್ಲ. ಇನ್ನೊಂದು ಕಾಲೂ ಇಟ್ಟರು. ಆಮೇಲೆ ಓಡಿದರು ನೋಡಿ, ಕಿರೀಟ ಒಂದು ಕಡೆ, ಅರಸರು ಒಂದು ಕಡೆ. ಹೊತ್ತು ನೆತ್ತಿಗೆ ಬರಲು ಒಂದು ಗೇಣಿರುವಾಗ ಮಗುವಿನ ಕಿವಿಯಲ್ಲಿ ಹೆಸರು ಹೇಳಿದರಂತೆ. ಏದುಸಿರಿನಲ್ಲಿ ಏನು ಹೇಳಿದರೋ, ಮಗುವಿಗೆ ಮಾತ್ರ ಗೊತ್ತು.

ಉಂಡು ತಿಂದು ಎಲ್ಲರೂ ವಾಪಸ್ಸು ದೋಣಿ ಹತ್ತಿದರು. ದೋಣಿ ಅಲ್ಲಾಡಲಿಲ್ಲ. ಜಟ್ಟಪ್ಪ ಗಳ ಹಾಕಿ ನೂಕಿದ, ಮಂತ್ರಿ ನೂಕಿದ, ವಾಲಗದವರೂ ಬಂದು ನೂಕಿದರು. ಊಹೂಂ.

"ಒಡೆಯಾ, ಹೋಳಿಗೆ ಉಂಡ್ರಾ?" ಅಂದಳು ಬೀರಮ್ಮ.

ಅರಸರು ತಲೆ ತಗ್ಗಿಸಿದರು. "ಕಡುಬು ಮಾಡಿದ್ದರು."

ಬೀಗಿತ್ತಿ ಗೊಣಗುತ್ತ ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಕಣಕ ನಾದಿದಳು, ಹೋಳಿಗೆ ಬೇಯಿಸಿದಳು. ಅರಸರು ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎರಡು ತಿಂದರು. ಕೊನೆಯ ತುತ್ತು ಗಂಟಲಿಗಿಳಿದ ಕೂಡಲೇ ದಡದಲ್ಲಿದ್ದ ದೋಣಿ ಸಡಿಲಾಗಿ ತೇಲಿತಂತೆ.

"ಏನು ಬೇಕು ಕೇಳಮ್ಮ" ಅಂದರು ಅರಸರು, ತೇಗುತ್ತ.

"ನನ್ನ ಗೌರಿ ಬೇಕು" ಅಂದಳು ಬೀರಮ್ಮ.

ಅರಮನೆಯ ಕೊಟ್ಟಿಗೆಯಿಂದ ಬೇರೆ ಎಮ್ಮೆ ಕೊಡಿಸುತ್ತೇನೆ ಅಂತ ದೇವಜ್ಜನಿಗೆ ಮಾತು ಕೊಟ್ಟು ಗೌರಿಯನ್ನು ಕರೆತಂದರು. ಗೌರಿ ದೋಣಿ ಹತ್ತಿ ಅರಸರ ಪಕ್ಕದಲ್ಲೇ ಮಲಗಿತು. ಮಂತ್ರಿ ಜಾಗ ಸಾಲದೆ ಬಾಲದ ಕಡೆ ಕೂತ. ದೋಣಿಯ ಬಾಲದ ಕಡೆಯಲ್ಲ, ಗೌರಿಯ ಬಾಲದ ಕಡೆ. ಹೊರಡುವಾಗ ಗೌರಿ ದೇವಜ್ಜನ ಕಡೆ ತಿರುಗಿ "ಅಂಯ್" ಅಂದಿತು. ಎಲ್ಲರೂ ಉಸಿರು ಬಿಗಿಹಿಡಿದರು. ದೋಣಿ ಯೋಚಿಸಿತು. ಎಮ್ಮೆಯ ಭಾಷೆ ಅದಕ್ಕೆ ಬರುತ್ತಿರಲಿಲ್ಲ. ನೆಟ್ಟಗೆ ಈಚೆ ದಡಕ್ಕೆ ಬಂತು.

ಮುದಿ ರಾಣಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಅಯ್ಯೋ ನನ್ನ ಕರ್ಮವೇ! ಮೊಮ್ಮಗನ್ನ ನೋಡಿ ಬರ್ತೇನೆ ಅಂತ ಹೋದವನು ಎಮ್ಮೆ ತಂದಿದಾನೆ!"

"ಗಂಡಸರೇ ಹಾಗೆ ಬಿಡಿ ಅಮ್ಮಾ" ಅಂದಳು ಬೀರಮ್ಮ.

ಅಂದಿನಿಂದ ಆ ಕಡವಿನಲ್ಲಿ ಯಾರೂ ಬರೀ "ಹೋಗಿ ಬರ್ತೇನೆ" ಅನ್ನುವುದಿಲ್ಲವಂತೆ. ನಡುವೆ ಇರುವುದನ್ನೆಲ್ಲ ಹೇಳಿ ಮುಗಿಸಿಯೇ ಹತ್ತುತ್ತಾರೆ. ಹೆಂಗಸರು ಹೊಸಿಲ ಹತ್ತಿರ ನಿಂತು "ಹೋಗಿ" ಅಂದವರು "ಬರ್ತೇನೆ" ಅನ್ನಲು ಒಂದು ತಾಸು ಹಿಡಿಯುವುದು ಅದಕ್ಕೇ. ಗಂಡಸರು ಸುಮ್ಮನೆ ಆಡಿಕೊಳ್ಳಬಾರದು.

ಗೌರಿ ಎರಡು ಹೊತ್ತು ಹಾಲು ಕೊಟ್ಟಿತು, ದೋಣಿ ಮೂರು ಹೊತ್ತೂ ನೀರು ಕೊಟ್ಟಿತು, ಬೀರಮ್ಮ ಎರಡನ್ನೂ ಬಿಡಲಿಲ್ಲ. ಅವರು ಆ ಕಡವಿನಲ್ಲಿ ಹಾಲು ಕುಡಿದುಕೊಂಡು ಚೆನ್ನಾಗಿದ್ದಾರೆ, ನಾವು ಈ ದಡದಲ್ಲಿ ನೀರು ಮೊಗೆದುಕೊಂಡು ಹೀಗಿದ್ದೇವೆ.