ಬದನೆಕಾಯಿ ಬಣ್ಣದ ಶೆಟ್ಟಿ

ಕೇಳ್ರಪ್ಪಾ ಮಕ್ಕಳೇ, ಹಾಲುಹೊಳೆ ಅನ್ನೋ ರಾಜ್ಯ ಒಂದಿತ್ತು. ಅಲ್ಲಿ ತೋಟಪ್ಪಶೆಟ್ಟಿ ಅನ್ನೋ ಧಣಿ ಇದ್ದ. ಅವನದು ಬಟ್ಟೆಗೆ ಬಣ್ಣ ಹಾಕೋ ದೊಡ್ಡ ಕಾರ್ಖಾನೆ. ಮುಂದೆ ಅಂಗಡಿ, ನಡುವೆ ಅಂಗಳ, ಹಿಂದೆ ಬಣ್ಣದ ಮನೆ. ಅಲ್ಲಿ ಹಂಡೆ ಕುದಿಸೋಳು ಕೆಂಚವ್ವ.

ಒಂದು ದಿನ ರಾಜ ಡಂಗುರ ಸಾರಿಸಿದ. "ಹೊಳೆ ಹೊಲಸು ಮಾಡಬೇಡಿ. ಯಾರ ಕಾರ್ಖಾನೆ ಹಿಂದೆ ಮುಂದೆ ಎಲ್ಲಾ ಚೊಕ್ಕಟವೋ, ಅರಮನೆ ಬಟ್ಟೆಗೆ ಬಣ್ಣ ಹಾಕೋ ಕೆಲಸ ಅವರಿಗೇ!" ಶೆಟ್ಟಿ ಎಲ್ಲರಿಗಿಂತ ಮೊದಲು ಓಡಿಹೋಗಿ ಮಾತು ಕೊಟ್ಟು ಬಂದ.

ಮಾತೇನೋ ಕೊಟ್ಟ. ಹಿಂದಿನ ಮೋರಿಯಿಂದ ಬಣ್ಣದ ನೀರು ಗಳಗಳ ಅಂತ ಹೊಳೆಗೆ ಹೋಗ್ತಾನೇ ಇತ್ತು. ಹೊಳೆ ಕೆಳಗೆ ಹರಿದುಹೋಗೋ ಕಡೆಗೇ ಕೆಂಚವ್ವನ ತಂಗಿಯ ಊರು.

"ಧಣೀ, ಮೀನು ಸಾಯ್ತಾವೆ" ಅಂದಳು ಕೆಂಚವ್ವ.

"ಛೇ ಛೇ!" ಅಂದ ಶೆಟ್ಟಿ. ಮುಂಬಾಗಿಲಿಗೆ ಹಸಿರು ಬಣ್ಣ ಬಳಿಸಿದ.

"ಧಣೀ, ದನ ನೀರು ಮೂಸಿ ವಾಪಸ್ ಹೋಗ್ತಾವೆ."

"ಅಯ್ಯೋ ಪಾಪ!" ಅಂಗಡಿ ಮುಂದೆ ತುಳಸಿ ಕುಂಡ ಇಡಿಸಿದ.

ಮೂರನೇ ಸಲ ಕೆಂಚವ್ವ ಅಳುತ್ತಾ ಬಂದಳು. "ಧಣೀ, ನನ್ನ ತಂಗಿ ಮಗೂಗೆ ಮೈಯೆಲ್ಲಾ ಕಜ್ಜಿ. ರಾತ್ರಿಯೆಲ್ಲಾ ಕೆರೆದುಕೊಳ್ತದೆ."

ಶೆಟ್ಟಿ ಅಂಗಡಿ ಆಳುಗಳಿಗೆ ಹಸಿರು ಪೇಟ ಕಟ್ಟಿಸಿದ. "ಹಿಂದಿನ ಮನೆ ಯಾರು ನೋಡ್ತಾರೆ, ಹೋಗು" ಅಂದ.

ಕೆಂಚವ್ವ ಸೆರಗಿಂದ ಕಣ್ಣು ಒರೆಸಿಕೊಂಡಳು. ಸೀದಾ ಹಿತ್ತಿಲಿಗೆ ಹೋದಳು.

ರಾಜ ನೋಡೋಕೆ ಬಂದ. ಬಾಗಿಲು ನೋಡಿ ಖುಷಿ, ಕುಂಡ ನೋಡಿ ಖುಷಿ, ಪೇಟ ನೋಡಿ ಖುಷಿ. ಶೆಟ್ಟಿ ಉಬ್ಬಿಹೋದ. "ಮಹಾಪ್ರಭು, ಇಲ್ಲಿಗೆ ಬರೋ ನೀರು ಹೆಂಗೋ ಹೋಗೋ ನೀರೂ ಹಂಗೇ!"

ಅಷ್ಟರಲ್ಲಿ ಕೆಂಚವ್ವ ಸೀಗೆಪುಡಿ ಹಿಡಿದು ಬಂದಳು. "ಪ್ರಭುಗಳೇ, ಹೋಗೋ ನೀರನ್ನ ಹಿತ್ತಿಲ ತೊಟ್ಟಿಗೆ ತುಂಬಿದೀನಿ. ಧಣಿ ತಮ್ಮ ಎದುರೇ ಸ್ನಾನ ಮಾಡಿ ತೋರಿಸಲಿ."

"ಭೇಷ್!" ಅಂದ ರಾಜ.

"ನನಗೆ ನೆಗಡಿ, ಪ್ರಭು."

"ಬಿಸಿಲಿದೆ."

"ಬೆಳಿಗ್ಗೇನೇ ಸ್ನಾನ ಆಯ್ತು."

"ಇನ್ನೊಂದಾಗಲಿ."

"ನಾಚಿಕೆ ಆಗ್ತದೆ..."

"ನಾವು ಕಣ್ಣು ಮುಚ್ಚಿಕೊಳ್ತೀವಿ."

ಬೇರೆ ದಾರಿ ಇಲ್ಲದೆ ಶೆಟ್ಟಿ ಮುಳುಗಿದ. ಎದ್ದ. ಬಿಳಿ ಗಡ್ಡ, ಬೋಳು ತಲೆ, ಗುಂಡು ಹೊಟ್ಟೆ, ಎಲ್ಲಾ ಬದನೆಕಾಯಿ ಬಣ್ಣ! ರಾಜ ಬಿದ್ದು ಬಿದ್ದು ನಕ್ಕ. ಕೆಂಚವ್ವ ನಗಲಿಲ್ಲ. ಮೀನಿನ ಸುದ್ದಿ, ದನದ ಸುದ್ದಿ, ಮಗುವಿನ ಸುದ್ದಿ ಹೇಳಿದಳು. ರಾಜನ ನಗು ನಿಂತುಹೋಯಿತು.

"ಶೆಟ್ಟೀ, ಇನ್ನು ಮೇಲೆ ಮೋರಿ ನೀರಲ್ಲೇ ನಿನ್ನ ಸ್ನಾನ. ಬಣ್ಣ ಬಿಡೋವರೆಗೂ ಅರಮನೆ ಕಡೆ ತಲೆ ಹಾಕಬೇಡ."

ಶೆಟ್ಟಿ ಮೊದಲ ಸಲ ಬಣ್ಣದ ಮನೆಗೆ ಕಾಲಿಟ್ಟ. ಹೊಗೆಗೆ ಕೆಮ್ಮಿದ. "ಏನು ಮಾಡಲಿ ಕೆಂಚವ್ವಾ?" ಅಂದ.

ಅವಳು ಹೇಳಿದಂತೆ ಗುಂಡಿ ತೋಡಿಸಿ, ನೀರು ಸೋಸೋಕೆ ಮರಳು, ಇದ್ದಲು ಹಾಕಿಸಿದ. ನೀರು ಇನ್ನೂ ನೇರಳೆ. ಹಂಡೆಯಲ್ಲಿ ಉಳಿದ ಬಣ್ಣವನ್ನ ಮರುದಿನಕ್ಕೆ ಬಳಸೋಕೆ ಹೇಳಿದ. ನೀರು ಇನ್ನೂ ಮಸುಕು. "ನಮ್ಮ ಮುಂದಿನ ಅಂಗಡಿಯೋರು ವಿಷದ ಬಣ್ಣ ತರಿಸೋದು ಬಿಡಬೇಕಲ್ಲ ಧಣೀ" ಅಂದಳು ಕೆಂಚವ್ವ. ಅಂಗಡಿಯೋರು ಬಿಟ್ಟರು. ಆಮೇಲೆ ನೀರು ತಿಳಿಯಾಯಿತು, ಶೆಟ್ಟಿಯ ಮೈಯೂ ತಿಳಿಯಾಯಿತು.

ಆ ಬೇಸಿಗೆಯಲ್ಲಿ ಕೆಂಚವ್ವನ ತಂಗಿ ಮಗಳು ಹೊಳೆಗೆ ಹಾರಿ ಈಜಿದಳು. ಮೈ ತುಂಬ ನೀರು, ಒಂದು ಕಜ್ಜಿಯೂ ಇಲ್ಲ.

ಅದಕ್ಕೇ ಮಕ್ಕಳೇ, ಒಳ್ಳೆ ಕೆಲಸ ಮಾಡ್ತೀವಿ ಅಂತ ಒಂದು ಮನೆಯವರು ಮಾತು ಕೊಟ್ಟ ಮೇಲೆ, ಧಣಿಯಿಂದ ಆಳಿನವರೆಗೂ ಎಲ್ಲರೂ ಅದನ್ನ ನಡೆಸಬೇಕು. ಬರೀ ತೋರಿಕೆಗೆ ಮಾಡಿದರೆ ನೆರೆಯವರಿಗೂ ಕೇಡು, ತಮಗೂ ಕೇಡು.